ಹರಕು ಎಲೆಯ ಬಳ್ಳಿ

ಫೆಬ್ರವರಿ 9

ಮಗಳೇ,

ಅಭ್ಯಾಸದಂತೆ ‘ಸೌಭಾಗ್ಯವತಿ’ ಎಂದು ಶುರುಮಾಡಲು ಹೋಗಿ ಕೈ ತಡೆಯಿತು. ಈಗ ಹಾಗೆ ಬರೆಯಬಹುದೋ ಬಾರದೋ, ಯಾರನ್ನು ಕೇಳುವುದು? ‘ಮಗಳೇ’ ಎನ್ನಲು ಯಾರ ಅಪ್ಪಣೆಯೂ ಬೇಡ, ಅದಕ್ಕೇ ಅದನ್ನೇ ಬರೆದೆ.

ಫೋನ್ ಇರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನ್ ಮಾಡಿದರೆ ನೀನು ‘ಚೆನ್ನಾಗಿದ್ದೀನಿ’ ಎನ್ನುತ್ತೀಯ, ನಾನೂ ‘ಚೆನ್ನಾಗಿದ್ದೀನಿ’ ಎನ್ನುತ್ತೇನೆ, ಇಬ್ಬರೂ ಸುಳ್ಳು ಹೇಳಿ ಫೋನ್ ಇಡುತ್ತೇವೆ. ಕಾಗದದಲ್ಲಿ ಸುಳ್ಳು ಬರೆಯಲು ಹೆಚ್ಚು ಹೊತ್ತು ಬೇಕು. ಈ ವಯಸ್ಸಿನಲ್ಲಿ ಅಷ್ಟು ತ್ರಾಣ ನನಗಿಲ್ಲ.

ವಿಷಯ ಇಷ್ಟೇ. ನಿನ್ನ ಬಳ್ಳಿಯ ಎಲೆ ಹಳದಿಯಾಗುತ್ತಿದೆ. ಮೊದಲು ಕೆಳಗಿನದೊಂದು, ಆಮೇಲೆ ಅದರ ಮೇಲಿನದು. ನಾನು ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ತಪ್ಪದೆ ಒಂದು ಜಗ್ ನೀರು ಹಾಕುತ್ತಿದ್ದೇನೆ. ಮರೆತೆನೇನೋ ಎಂದು ಅನುಮಾನ ಬಂದ ದಿನ ಸಂಜೆಯೂ ಹಾಕಿದ್ದೇನೆ. ಇಷ್ಟು ಉಪಚಾರ ಮಾಡಿದರೂ ಮುಖ ಹಳದಿ ಮಾಡಿಕೊಂಡು ನಿಂತಿದೆ.

ನೀನು ಎರಡು ಸೂಟ್‌ಕೇಸ್ ಹಿಡಿದು ಹೊರಟ ದಿನ ಅದನ್ನೂ ಒಯ್ಯಲು ನೋಡಿದೆ. ಅದು ಆಗಲೇ ಗೋಡೆಗೆ ಬೇರು ಬಿಟ್ಟು ಅಂಟಿಕೊಂಡಿತ್ತು, ಎಳೆದರೆ ಬಣ್ಣವೇ ಕಿತ್ತು ಬಂತು. ‘ಇರಲಿ ಬಿಡಿ ಅತ್ತೆ’ ಎಂದು ಕೈಬಿಟ್ಟೆ. ಎಂಟು ವರ್ಷದ ಸಂಸಾರದಲ್ಲಿ ನೀನು ಇಲ್ಲಿ ಬಿಟ್ಟುಹೋದದ್ದು ಅದೊಂದೇ. ಮಗ ಕಿತ್ತು ಎಸೆ ಎಂದ. ನಾನು ಜಾಣಕಿವುಡು ಮಾಡಿದೆ.

ನನ್ನ ಕೆಲಸ ಇದ್ದ ಹಾಗೇ ಇದೆ. ಹೋಟೆಲ್ಲಿನವರು ಇನ್ನೊಂದು ಅಂತಸ್ತು ಕಟ್ಟಿಸಿದ್ದಾರೆ, ಲಾಂಡ್ರಿಗೆ ಮಾತ್ರ ಜನ ಸೇರಿಸಿಲ್ಲ. ಇಡೀ ದಿನ ಹಬೆಯ ರೋಲರಿನ ಮುಂದೆ ನಿಂತು ಬೇರೆಯವರು ಮಲಗಿ ಎದ್ದ ಚಾದರಗಳ ಸುಕ್ಕು ಬಿಡಿಸುತ್ತೇನೆ. ಸಂಜೆ ಮನೆಗೆ ಬಂದರೆ ಕಾಲು ನನ್ನದಲ್ಲ ಅನ್ನಿಸುತ್ತದೆ. ಬಂದವಳು ಮೊದಲು ಕೂರುವುದು ಆ ಬಳ್ಳಿಯ ಎದುರಿಗೆ. ಅದು ಸತ್ತರೆ ಮನೆಗೆ ಬಂದು ಏನು ನೋಡಲಿ? ಏನು ಮಾಡಬೇಕು ಬರೆ.

ಬೇರೆ ಪದ ಸಿಗುವ ತನಕ,
ನಿನ್ನ ಅತ್ತೆ


ಫೆಬ್ರವರಿ 20

ಅತ್ತೆಯವರಿಗೆ,

ಬೇರೆ ಪದ ನನಗೂ ಸಿಗಲಿಲ್ಲ.

ನೀರು ಹೆಚ್ಚಾಗಿದೆ. ಅತಿಯಾದರೆ ಅಮೃತವೂ ವಿಷ. ದಿನಾ ಹಾಕಬೇಡಿ. ಬೆರಳನ್ನು ಮಣ್ಣಿನೊಳಗೆ ಇಳಿಸಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ಹಾಕಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಹಳದಿ ಎಲೆ ಮತ್ತೆ ಹಸಿರಾಗುವುದಿಲ್ಲ, ಕತ್ತರಿಸಿಬಿಡಿ.

ಅದರ ಜಾತಿಯವು ಬೆಚ್ಚಗಿನ ಒದ್ದೆ ಕಾಡಿನಲ್ಲಿ ದೊಡ್ಡ ಮರಗಳನ್ನು ಹಿಡಿದು ಮೇಲೇರುತ್ತವೆ. ಅದಕ್ಕೆ ಬೇಕಾದದ್ದು ಗಾಳಿಯಲ್ಲಿ ತೇವ. ಬೆಳಕು ಬೇಕು, ನೇರ ಬಿಸಿಲು ಬೇಡ. ಎಲೆಯ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಗಿಡದ ಸುದ್ದಿ ಬರೆಯಬಹುದು. ನಿಮ್ಮ ಮಗನ ಸುದ್ದಿ ಬೇಡ.

ನಮಸ್ಕಾರಗಳೊಂದಿಗೆ,
ನಾನು


ಮಾರ್ಚ್ 6

ಮಗಳೇ,

ಬೈಯಬೇಡ. ಬೈಯುವುದಾದರೆ ಪೂರ್ತಿ ಓದಿದ ಮೇಲೆ ಬೈ.

ಗಾಳಿಯಲ್ಲಿ ತೇವ ಬೇಕು ಎಂದು ಬರೆದೆಯಲ್ಲ, ಓದಿ ನನಗೆ ನಗು ಬಂತು. ತೇವದ ವಿಚಾರ ನನಗೆ ಹೇಳಿಕೊಡುವ ಅಗತ್ಯವೇ? ಬದುಕೆಲ್ಲ ಹಬೆಯಲ್ಲೇ ನಿಂತವಳು ನಾನು. ಲಾಂಡ್ರಿಯಲ್ಲಿ ಪರದೆಗಳಿಗೆ ನೇತುಹಾಕಿದ ಹಾಗೇ ಹಬೆ ಹೊಡೆಯುವ ಕೈ ಇಸ್ತ್ರಿಯಿದೆ. ಮೇಲಿನವರನ್ನು ಕೇಳಿ ಒಂದು ದಿನದ ಮಟ್ಟಿಗೆ ತಂದೆ. ಗಿಡದ ಮುಂದೆ ಕುರ್ಚಿ ಹಾಕಿಕೊಂಡು, ಕಾಡಿನ ಗಾಳಿ ಕೊಡೋಣವೆಂದು, ಪರದೆಗೆ ಕೊಟ್ಟ ಹಾಗೇ ಮೇಲಿನಿಂದ ಕೆಳಗೆ ಹಬೆ ಕೊಟ್ಟೆ. ಎಲೆಗಳು ಮಿರಮಿರ ಮಿಂಚಿದವು. ನನಗೆ ಬಹಳ ಸಂತೋಷವಾಯಿತು.

ಮಾರನೆಯ ದಿನ ನೋಡಿದರೆ ಮೂರು ಎಲೆ ಬೆಂದಿವೆ. ಬೆಂದ ಸೊಪ್ಪು ಹೇಗಿರುತ್ತದೋ ಹಾಗೆ, ಕಪ್ಪಾಗಿ, ಮೆತ್ತಗೆ ಜೋತುಬಿದ್ದಿವೆ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎನ್ನುತ್ತಾರೆ, ಅತ್ತೆ ಬೇಯಿಸಿದ ಎಲೆಯ ಬಗ್ಗೆ ಯಾರೂ ಏನೂ ಹೇಳಿಲ್ಲ. ನಾನು ಅಲ್ಲೇ ಕುರ್ಚಿಯಲ್ಲಿ ಕುಳಿತು ಅತ್ತುಬಿಟ್ಟೆ. ಗಿಡಕ್ಕಾಗಿ ಅಷ್ಟು ಅಳಬೇಕಿರಲಿಲ್ಲ ಎಂದು ನನಗೂ ಗೊತ್ತು.

ಲಾಂಡ್ರಿಯಲ್ಲಿ ಈ ಕಥೆ ಹೇಳಿ ಕೆಟ್ಟೆ. ಮಡಿಕೆ ಹಾಕುವ ವಿಭಾಗದ ದಪ್ಪಕ್ಕ ದಿನಾ ಕೇಳುತ್ತಾಳೆ, “ಏನಕ್ಕಾ, ಇವತ್ತು ಗಿಡಕ್ಕೆ ಗಂಜಿ ಹಾಕಿದ್ಯಾ?” ನಗುವವರು ನಗಲಿ. ಅಲ್ಲಿ ನಗು ಸಿಗುವುದೇ ಅಪರೂಪ.

ಬೆಂದ ಎಲೆ ಕತ್ತರಿಸಲೋ, ಹಾಗೇ ಬಿಡಲೋ? ಉಳಿದದ್ದು ಬದುಕುತ್ತದೆಯೋ?

ತಲೆ ತಗ್ಗಿಸಿಕೊಂಡು,
ಅತ್ತೆ


ಮಾರ್ಚ್ 19

ಅತ್ತೆ,

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ಮಧ್ಯಾಹ್ನದ ವಿರಾಮದಲ್ಲಿ ಓದಿದೆ. ಪರದೆಗೆ ಕೊಟ್ಟ ಹಾಗೆ ಎಂಬಲ್ಲಿ ನಗು ತಡೆಯಲಾಗದೆ ಹೊರಗೆ ಎದ್ದು ಹೋದೆ. ಈ ಊರಿಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು. ಮೂರು ಎಲೆ ಹೋದರೆ ಹೋಗಲಿ.

ಕತ್ತರಿಸಿಬಿಡಿ. ಕೈಗೆ ಹಾಲು ತಗಲಿದರೆ ತುರಿಸುತ್ತದೆ, ತೊಳೆದುಕೊಳ್ಳಿ. ಗಿಡ ಬದುಕುತ್ತದೆ, ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ. ತೇವಕ್ಕೆ ಅಗಲದ ತಟ್ಟೆಯಲ್ಲಿ ಕಲ್ಲುಹರಳು ತುಂಬಿ ನೀರು ಹಾಕಿ ಪಕ್ಕದಲ್ಲಿಡಿ, ಸಾಕು. ಜೋತುಬಿದ್ದ ಕೊಂಬೆಯನ್ನು ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಕಟ್ಟಿ. ದಾರ ಬೇಡ, ಕುಯ್ಯುತ್ತದೆ.

ಈ ಲ್ಯಾಬಿನಲ್ಲಿಯೂ ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ಮಾಡುವ ಕೆಲಸವೇ. ಬೆಳಗ್ಗೆ ಮೇಜಿನ ಮೇಲೆ ಸಾಲಾಗಿ ಪ್ಲಾಸ್ಟರಿನ ಅಚ್ಚುಗಳು ಬಂದು ಕೂತಿರುತ್ತವೆ, ಎಲ್ಲವೂ ಬಾಯಿ ತೆರೆದುಕೊಂಡು. ಯಾರದೋ ದವಡೆ, ಯಾರದೋ ಮುರಿದ ಹಲ್ಲು. ಸಂಜೆಯ ತನಕ ಬಗ್ಗಿ ಉಜ್ಜಿ ಉಜ್ಜಿ ಕುತ್ತಿಗೆ ಬಿದ್ದುಹೋಗುತ್ತದೆ. ಕೋಣೆ ಚಿಕ್ಕದು. ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ. ಕಿಟಕಿ ಇದೆ, ಅದು ತೆರೆಯುವುದು ನಾಲ್ಕು ಕಟ್ಟಡಗಳ ನಡುವಿನ ಬಾವಿಯಂಥ ಜಾಗಕ್ಕೆ. ಆಕಾಶ ನೋಡಬೇಕಾದರೆ ತಲೆ ಹೊರಗೆ ಹಾಕಿ ಕತ್ತು ತಿರುಚಬೇಕು. ಕುತ್ತಿಗೆ ಇರುವ ಸ್ಥಿತಿಯಲ್ಲಿ ಆಕಾಶ ಬೇಡ ಎಂದು ಬಿಟ್ಟಿದ್ದೇನೆ.

ನಿಮ್ಮ ಮಗನ ಸುದ್ದಿ ಬೇಡ ಎಂದು ನಾನೇ ಬರೆದೆ, ಈಗ ನಾನೇ ಬರೆಯುತ್ತಿದ್ದೇನೆ. ನಾನು ಯಾಕೆ ಹೊರಟೆ ಎಂದು ನೀವು ಒಂದು ಸಲವೂ ಕೇಳಲಿಲ್ಲ. ಅವರು ಹೊಡೆದವರಲ್ಲ, ಬೈದವರಲ್ಲ. ಮಾತು ಬಿಟ್ಟರು. ಮೊದಲು ಒಂದು ದಿನ, ಆಮೇಲೆ ಒಂದು ವಾರ, ಕೊನೆಗೆ ಯಾಕೆ ಬಿಟ್ಟರು ಎಂಬುದು ಇಬ್ಬರಿಗೂ ಮರೆತುಹೋಗುವಷ್ಟು. ಅಪರಿಚಿತರ ಪಕ್ಕದಲ್ಲಿ ಕಾರಿನಲ್ಲಿ ಕೂತು ದಿನವಿಡೀ ‘ಗೇರ್ ಹಾಕಿ, ಕ್ಲಚ್ ಬಿಡಿ’ ಎಂದು ಹೇಳಿಕೊಡುವ ಮನುಷ್ಯ ಮನೆಗೆ ಬಂದರೆ ಉಪ್ಪು ಬೇಕಾದರೂ ಕೈ ತೋರಿಸುತ್ತಿದ್ದರು. ಅವರು ಸುಮ್ಮನೆ ಕೂತ ಕೋಣೆಗೆ ಹೋಗಲು ನನಗೆ ಹೆದರಿಕೆಯಾಗುತ್ತಿತ್ತು. ನಾನು ಆ ಬಳ್ಳಿಯ ಹತ್ತಿರ ಮಾತಾಡುತ್ತಿದ್ದೆ, ನಿಮಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿ ನೀವು ಕೇಳಿಸದ ಹಾಗೆ ನಟಿಸುತ್ತಿದ್ದಿರಿ.

ಇಷ್ಟು ಬರೆಯಬೇಕೆಂದಿರಲಿಲ್ಲ. ಸುಸ್ತಾಗಿದೆ.

ನಿಮ್ಮ,
ನಾನು


ಏಪ್ರಿಲ್ 8

ಮಗಳೇ,

ಹೊಸ ಎಲೆ ಬಂದಿದೆ! ಸುರುಳಿ ಸುತ್ತಿಕೊಂಡು ಬಂತು, ಬಿಚ್ಚಿಕೊಳ್ಳಲು ಇಡೀ ವಾರ ತೆಗೆದುಕೊಂಡಿತು. ಅಂಚಿನಲ್ಲಿ ಸೀಳು, ನಡುವೆ ತೂತು. ಲಾಂಡ್ರಿಯಲ್ಲಿ ಹರಕು ಚಾದರ ಸಿಕ್ಕರೆ ಒರೆಸುವ ಬಟ್ಟೆಗೆ ಹಾಕುತ್ತೇವೆ, ಇದರಲ್ಲಿ ಹರಿದಷ್ಟೂ ಅಂದ. ಅಂಥ ಹರಕು ಚಾದರವೊಂದನ್ನೇ ತಂದು ಪಟ್ಟಿ ಹರಿದು ಕೊಂಬೆಗೆ ಕಟ್ಟಿದ್ದೇನೆ. ಕೈ ಮುರಿದು ಆಸ್ಪತ್ರೆಯಿಂದ ಬಂದವರ ಹಾಗೆ ಕಾಣುತ್ತದೆ.

ನೀನು ಬರೆದದ್ದನ್ನು ಓದಿದೆ. ಮೌನ ಬಂಗಾರವಂತೆ. ನಮ್ಮ ಮನೆಯಲ್ಲಿ ಆ ಬಂಗಾರಕ್ಕೆ ಯಾವತ್ತೂ ಕೊರತೆಯಾಗಲಿಲ್ಲ. ಇವನ ಅಪ್ಪನೂ ಹಾಗೇ. ನನಗೆ ಮಾತಾಡಲು ಬಳ್ಳಿಯೂ ಇರಲಿಲ್ಲ, ರೋಲರಿನ ಗದ್ದಲದಲ್ಲಿ ಹಾಡಿಕೊಳ್ಳುತ್ತಿದ್ದೆ. ಅವರು ತೀರಿಹೋದ ಮೇಲೆ ಮನೆ ನಿಶ್ಶಬ್ದವಾಯಿತಲ್ಲವೇ ಎಂದು ಜನ ಕೇಳಿದಾಗ ಏನೂ ವ್ಯತ್ಯಾಸವಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಆಮೇಲೆ ನೀನು ಬಂದೆ. ಬಂದ ಮೊದಲ ವಾರವೇ ‘ಅತ್ತೆ, ನಿಮ್ಮ ಕಾಲು ಊದಿದೆ, ಮೇಲೆತ್ತಿ ಕೂತ್ಕೊಳ್ಳಿ’ ಎಂದೆ. ನನ್ನ ಕಾಲಿನ ಕಡೆ ಯಾರಾದರೂ ನೋಡಿದ್ದು ಅದೇ ಮೊದಲು.

ಒಂದು ಮಾತು ನೇರವಾಗಿ ಹೇಳುತ್ತೇನೆ. ನನ್ನ ಮಗ ನಿನ್ನನ್ನು ಕಳೆದುಕೊಂಡ, ಅದು ಅವನ ಹಣೆಬರಹ. ಅವನ ಜೊತೆಗೆ ನಾನೂ ಯಾಕೆ ಕಳೆದುಕೊಳ್ಳಬೇಕು? ಒಂದು ಭಾನುವಾರ ಬಾ. ಆ ದಿನ ಪಾಠ ಜಾಸ್ತಿ, ಅವನು ಸಂಜೆಯ ತನಕ ಮನೆಯಲ್ಲಿರುವುದಿಲ್ಲ. ಗಿಡ ನೋಡಿಕೊಂಡು ಹೋಗು. ಟೀ ಮಾಡುತ್ತೇನೆ. ಗಿಡ ನೋಡಲು ಬರುವುದಕ್ಕೆ ಯಾವ ಕೋರ್ಟೂ ಬೇಡ ಎನ್ನುವುದಿಲ್ಲ.

ಕಾಯುತ್ತಾ,
ಅತ್ತೆ


ಮೇ 14

ಮಗಳೇ,

ನಿನ್ನಿಂದ ಉತ್ತರವಿಲ್ಲ. ಕರೆಯಬಾರದಿತ್ತೇನೋ. ಕೋರ್ಟಿನಿಂದ ವಿಚ್ಛೇದನದ ಕಾಗದ ಬಂದು ಮೇಜಿನ ಮೇಲೆ ಕೂತಿರುವಾಗ ‘ಟೀ ಕುಡಿಯೋಕೆ ಬಾ’ ಎಂದು ಬರೆಯುವ ಅತ್ತೆಯನ್ನು ಏನೆಂದು ಕರೆಯಬೇಕು ಎಂದು ನೀನು ಯೋಚಿಸುತ್ತಿರಬಹುದು.

ಇವತ್ತು ಬರೆಯಲು ಕೈ ಬರುತ್ತಿಲ್ಲ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಅವನು ಮತ್ತೆ ಮದುವೆಯಾಗುತ್ತಾನೆ. ಡ್ರೈವಿಂಗ್ ಕಲಿಯಲು ಬಂದವಳು, ಮಕ್ಕಳ ಬಟ್ಟೆಯಂಗಡಿಯಲ್ಲಿ ಕೆಲಸ. ಒಳ್ಳೆಯವಳು, ಬಾಯಿ ತುಂಬ ನಗುತ್ತಾಳೆ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಳ್ಳಿ ಇರುವ ಕೋಣೆಗೆ ಬಣ್ಣ ಹೊಡೆಸಬೇಕಂತೆ. ಮುಂದಿನ ತಿಂಗಳು ಪೇಂಟರ್ ಬರುತ್ತಾನೆ. ಅಷ್ಟರೊಳಗೆ ಗೋಡೆ ಖಾಲಿಯಾಗಬೇಕು. ಬಳ್ಳಿ ಈಗ ಕಿಟಕಿಯ ಮೇಲಿನ ಚೌಕಟ್ಟು ದಾಟಿ ಆ ಕಡೆಗೆ ತಿರುಗಿದೆ. ಅದನ್ನು ಬಿಡಿಸುವುದು ಹೇಗೆ, ಎಲ್ಲಿ ಕತ್ತರಿಸಬೇಕು, ನನಗೇನೂ ತಿಳಿಯದು. ನೀನು ಬಂದು ತೆಗೆದುಕೊಂಡು ಹೋಗು. ಇಲ್ಲವೇ ಏನು ಮಾಡಬೇಕೆಂದು ಬರೆ.

ಅತ್ತೆ


ಮೇ 22

ಅತ್ತೆಯವರಿಗೆ,

ನನಗೆ ಗೊತ್ತಿತ್ತು. ನೀವು ಕರೆದ ಮೇಲೆ ಒಂದು ಭಾನುವಾರ ನಾನು ಬಂದಿದ್ದೆ.

ಬಸ್ಸಿಳಿದು ನಡೆದು ಬಂದು ಎದುರಿನ ಚಪ್ಪಲಿ ರಿಪೇರಿ ಅಂಗಡಿಯ ಮುಂದೆ ನಿಂತೆ. ಮೇಲೆ ಕಿಟಕಿಯಲ್ಲಿ ನೀವು ಸ್ಟೂಲಿನ ಮೇಲೆ ಹತ್ತಿ ಎಲೆ ಒರೆಸುತ್ತಿದ್ದಿರಿ. ಕರೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಿಮ್ಮ ಹಿಂದಿನಿಂದ ಒಬ್ಬಳು ಬಂದು ಸ್ಟೂಲು ಹಿಡಿದುಕೊಂಡಳು. ಏನೋ ಹೇಳಿದಳು. ನೀವು ತಿರುಗಿ ನಕ್ಕಿರಿ. ನಾನು ಮುಂದಿನ ಬಸ್ಸಿಗೆ ವಾಪಸ್ಸು ಬಂದೆ.

ನೀವು ಅವಳ ಜೊತೆ ನಗಬಾರದು ಎಂದು ಹೇಳುತ್ತಿಲ್ಲ. ನಗಿ. ನನಗೆ ಹೇಳಬಹುದಿತ್ತು. ಇಷ್ಟು ದಿನ ನೀರು, ಧೂಳು, ತೇವ ಎಂದು ಬರೆದಿರಿ, ಅದೊಂದನ್ನು ಬಿಟ್ಟಿರಿ. ನಿಮ್ಮ ಮನೆಯಲ್ಲಿ ಮಾತು ನುಂಗುವುದು ಗಂಡಸರು ಮಾತ್ರ ಎಂದುಕೊಂಡಿದ್ದೆ.

ಗಿಡ ಬೇಡ. ಕಿತ್ತು ಎಸೆಯಿರಿ. ಇಲ್ಲಿ ಬೆಳಕಿಲ್ಲ, ಜಾಗವಿಲ್ಲ. ಕೆಲಸ ಮುಗಿಸಿ ಬಂದರೆ ಊಟ ಬಿಸಿ ಮಾಡಿಕೊಳ್ಳಲೂ ಆಗುವುದಿಲ್ಲ, ಇನ್ನು ಗಿಡಕ್ಕೆ ಏನು ಮಾಡಲಿ? ಕೋರ್ಟಿನ ಕಾಗದದಲ್ಲಿ ಅವರ ಹೆಸರಿದೆ, ನನ್ನ ಹೆಸರಿದೆ. ಅತ್ತೆ ಸೊಸೆಯನ್ನು ಏನು ಮಾಡಬೇಕೆಂದು ಒಂದು ಸಾಲೂ ಇಲ್ಲ. ಹಾಗಾದರೆ ನಾವು ಏನೂ ಅಲ್ಲ ಎಂದೇ ಇರಬೇಕು. ಇನ್ನು ಬರೆಯಬೇಡಿ. ನನಗೆ ನಿಜವಾಗಿಯೂ ಸಾಕಾಗಿದೆ.

ಸಹಿ ಮಾಡಲು ಏನೆಂದು ಗೊತ್ತಾಗುತ್ತಿಲ್ಲ.


ಜೂನ್ 16

ಮಗಳೇ,

ಬರೆಯಬೇಡಿ ಎಂದೆ ನೀನು, ಆದರೂ ಬರೆಯುತ್ತಿದ್ದೇನೆ. ಇದಕ್ಕೆ ಉತ್ತರ ಬೇಡ. ಎಸೆ ಎಂದದ್ದನ್ನು ಎಸೆದೆನೋ ಇಲ್ಲವೋ ಎಂದು ನಿನಗೆ ಅನುಮಾನ ಉಳಿಯಬಾರದು, ಅಷ್ಟಕ್ಕೇ.

ನೀನು ಹೇಳಿದ್ದು ನಿಜ. ನಿನಗೆ ನೋವಾಗುತ್ತದೆಂದು ಹೇಳಲಿಲ್ಲ ಎಂದುಕೊಂಡಿದ್ದೆ. ಹೇಳಿದರೆ ನೀನು ಬರೆಯುವುದನ್ನು ನಿಲ್ಲಿಸುತ್ತೀಯ ಎಂಬ ಹೆದರಿಕೆಯೇ ಹೆಚ್ಚಾಗಿತ್ತು. ನಿಲ್ಲಿಸಿಯೂ ಬಿಟ್ಟೆ.

ರಜೆಯ ದಿನ ಏಣಿ ಹಾಕಿಕೊಂಡು ಹತ್ತಿದೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇದು ನಿಮಿಷದ ಕೆಲಸವಾಗಲಿಲ್ಲ. ಒಂದೊಂದು ಬೇರೂ ಗೋಡೆಯನ್ನು ಕಚ್ಚಿ ಹಿಡಿದಿತ್ತು. ಬೆಣ್ಣೆ ಚಾಕುವಿನಿಂದ ಮೆಲ್ಲಗೆ ಬಿಡಿಸುತ್ತಾ ಹೋದೆ. ಬಣ್ಣದ ಚಕ್ಕೆಗಳು ತಲೆಯ ಮೇಲೆ ಉದುರಿದವು. ಮೇಲಿನ ಬೇರಿಗೆ ಕೈ ಚಾಚಿದಾಗಲೆಲ್ಲ ಏಣಿ ಅಲುಗುತ್ತಿತ್ತು. ಅರ್ಧದಲ್ಲಿ ಅಲುಗುವುದು ನಿಂತಿತು. ಕೆಳಗೆ ನೋಡಿದರೆ ಅವನು ಬಂದು ಹಿಡಿದುಕೊಂಡಿದ್ದಾನೆ. ಯಾವಾಗ ಬಂದನೋ. ಅವನ ಸುದ್ದಿ ಬೇಡ ಎಂದಿದ್ದೀಯ, ಒಂದೇ ಸಾಲು ಬರೆದು ಬಿಡುತ್ತೇನೆ. ಎಲ್ಲ ಬಿಡಿಸಿದ ಮೇಲೆ ಗೋಡೆಯನ್ನು ಬಹಳ ಹೊತ್ತು ನೋಡಿ, “ಇಷ್ಟೊಂದು ಬೇರಿತ್ತಾ ಇದಕ್ಕೆ?” ಎಂದ.

ಎಸೆಯಲು ಮನಸ್ಸಾಗಲಿಲ್ಲ. ಹೋಟೆಲ್ಲಿನ ಸಮಾರಂಭದ ಸಭಾಂಗಣದಿಂದ ಮೇಜುಬಟ್ಟೆಗಳ ಜೊತೆ ಹಳೆಯ ಹೂಗೊಂಚಲುಗಳೂ ನಮ್ಮ ಲಾಂಡ್ರಿಗೆ ಬರುತ್ತವೆ. ಕೊಳೆತ ದಂಟು ಕತ್ತರಿಸಿ, ಒಳ್ಳೆಯ ಹೂಗಳನ್ನು ಬಾಟಲಿಯಲ್ಲಿಟ್ಟರೆ ಇನ್ನೂ ಕೆಲವು ದಿನ ಬದುಕುತ್ತವೆ. ಆ ಕೆಲಸದಲ್ಲಿ ನನ್ನ ಕೈ ಪಳಗಿದೆ. ಹಾಗೆಯೇ ನಿನ್ನ ಬಳ್ಳಿಯ ಚೆಂದದ ಎಲೆಗಳನ್ನೆಲ್ಲ ಆರಿಸಿ, ತೊಟ್ಟು ಕತ್ತರಿಸಿ ಬಾಟಲಿಗಳಲ್ಲಿ ಇಟ್ಟಿದ್ದೇನೆ. ಗಂಟುಗಂಟಾದ ಕಂದು ದಂಟುಗಳನ್ನು ಮುರಿದು ಕಸಕ್ಕೆ ಹಾಕಿದೆ. ಎಲೆಗಳು ಇನ್ನೂ ಹಸಿರಾಗಿವೆ. ಬೇರು ಬಂದ ಮೇಲೆ ಮಣ್ಣಿಗೆ ಹಾಕುತ್ತೇನೆ. ನಿನಗೆ ಬೇಡವಾದರೆ ನನಗಿರಲಿ.

ಚೆನ್ನಾಗಿರು. ಊಟ ಬಿಸಿ ಮಾಡಿಕೊಂಡು ತಿನ್ನು.

ಅತ್ತೆ


ಜೂನ್ 20

ಅತ್ತೆ,

ದಂಟು ಎಸೆದಿರಾ? ಅಯ್ಯೋ, ಅತ್ತೆ!

ಜೀವ ಇರುವುದೇ ಆ ಗಂಟಿನಲ್ಲಿ. ಹೊಸ ಚಿಗುರು, ಹೊಸ ಬೇರು ಎಲ್ಲ ಬರುವುದು ಅಲ್ಲಿಂದಲೇ. ಬರೀ ಎಲೆಯನ್ನು ನೀರಿನಲ್ಲಿಟ್ಟರೆ ವಾರಗಟ್ಟಲೆ ಹಸಿರಾಗಿರುತ್ತದೆ, ನಾಲ್ಕು ಬೇರು ಬಂದರೂ ಬರಬಹುದು, ಗಿಡ ಮಾತ್ರ ಆಗುವುದಿಲ್ಲ. ನೀವು ದಿನಾ ಬಾಟಲಿಯ ನೀರು ಬದಲಿಸುತ್ತಾ, ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಕಾಯುತ್ತೀರಿ. ಅದನ್ನು ನೆನೆಸಿಕೊಂಡು ನಿನ್ನೆಯಿಂದ ನನಗೆ ಕೆಲಸದಲ್ಲಿ ಮನಸ್ಸಿಲ್ಲ. ಒಂದು ಸೆಟ್ಟಿಗೆ ಕೋರೆಹಲ್ಲು ತಿರುಗುಮುರುಗಾಗಿ ಕೂರಿಸಿ ಮೇಲಿನವರಿಂದ ಬೈಸಿಕೊಂಡೆ.

ಕುಂಡ ಎಲ್ಲಿದೆ? ಅದರಲ್ಲಿ ಬುಡದ ಮೋಟು ಉಳಿದಿರಬೇಕು. ಎಸೆದಿಲ್ಲ ತಾನೆ? ಮೋಟಿನಲ್ಲಿ ಒಂದು ಗಂಟಿದ್ದರೂ ಸಾಕು. ಬೋಳಾಗಿದ್ದರೂ ಎಸೆಯಬೇಡಿ. ನೀರು ಬಹಳ ಕಡಿಮೆ, ಎಲೆಯಿಲ್ಲದ ಗಿಡ ಹೆಚ್ಚು ಕುಡಿಯುವುದಿಲ್ಲ. ಹಬೆ ಖಂಡಿತ ಬೇಡ!

ಎಸೆಯಿರಿ ಎಂದು ಬರೆದವಳು ನಾನೇ. ಎಲ್ಲಿ ಕತ್ತರಿಸಬೇಕೆಂದು ನೀವು ಕೇಳಿದಾಗ ಹೇಳಬಹುದಿತ್ತು, ಸಿಟ್ಟಿಗೆ ಹೇಳಲಿಲ್ಲ. ಕುಂಡ ಸಿಕ್ಕಿತೋ ಇಲ್ಲವೋ ಬೇಗ ಬರೆಯಿರಿ.

ನಿಮ್ಮ,
ನಾನು


ಜೂನ್ 28

ಮಗಳೇ,

ಕುಂಡ ಇದೆ. ಬಣ್ಣ ಹೊಡೆಯುವವನು ಮೆಟ್ಟಿಲ ಮೂಲೆಗೆ ತಳ್ಳಿ ಅದರ ಮಣ್ಣಿನಲ್ಲಿ ಬೀಡಿ ಚುಚ್ಚಿ ಆರಿಸಿದ್ದ. ತುಂಡುಗಳನ್ನೆಲ್ಲ ಹೆಕ್ಕಿ ತೆಗೆದೆ. ಅಂಗೈಯಷ್ಟು ಉದ್ದದ ಮೋಟು ಉಳಿದಿದೆ, ಎರಡು ಗಂಟು. ಉಗುರಿನಿಂದ ಕೆರೆದು ನೋಡಿದೆ, ಒಳಗೆ ಹಸಿ ಇದೆ.

ಬಾಟಲಿಯ ಎಲೆಗಳನ್ನು ಇನ್ನೂ ಎಸೆದಿಲ್ಲ. ಸುಳ್ಳು ಎಂದು ಗೊತ್ತಾದ ಮೇಲೂ ನೋಡಲು ಚೆಂದ.

ಈ ಮೋಟನ್ನು ನಾನು ನಿನ್ನಲ್ಲಿಗೆ ತರುತ್ತೇನೆ. ಬೇಡ ಎನ್ನಬೇಡ. ನನ್ನ ಕೈಯಲ್ಲಿ ಒಮ್ಮೆ ಬೆಂದಿದೆ, ಒಮ್ಮೆ ತುಂಡಾಗಿದೆ, ಇನ್ನೊಂದು ಅವಕಾಶ ನನಗೆ ಕೊಡಬಾರದು. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಸಂಜೆಯ ಬಸ್ಸಿಗೆ ವಾಪಸ್ಸು. ಅವತ್ತು ನಿನಗೂ ರಜೆ, ನಾನು ಬಲ್ಲೆ.

ಕದ್ದು ಬರುತ್ತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವನ ಮುಂದೆಯೇ ಹೇಳಿದೆ, “ಭಾನುವಾರ ಸೊಸೆ ಮನೆಗೆ ಹೋಗ್ತಿದ್ದೀನಿ.”

ಅವನು ತಲೆಯೆತ್ತಿ, “ಯಾವ ಸೊಸೆ?” ಎಂದ.

“ಈಗ ಇರೋದು ಒಬ್ಬಳೇ. ಇನ್ನೊಬ್ಬಳು ಬಂದ್ಮೇಲೆ ಇಬ್ಬರಾಗ್ತಾರೆ,” ಎಂದೆ.

ಅವನು ಮತ್ತೆ ತಟ್ಟೆಗೆ ತಲೆ ತಗ್ಗಿಸಿದ. ನಾನು ಬಿಡಲಿಲ್ಲ. “ನಿಮ್ಮಪ್ಪನ ಹಾಗೆ ಸುಮ್ಮನಿರ್ಬೇಡ. ಬೈಯೋದಾದ್ರೆ ಬೈ. ಬರೋಳ ಹತ್ರಾನೂ ಹಿಂಗೇ ಕೂತ್ರೆ ನಾನು ಅವಳ ಕಡೆಗೇ ನಿಲ್ತೀನಿ,” ಎಂದೆ. ಇಷ್ಟು ವರ್ಷ ಇದನ್ನು ಹೇಳದೆ ಪಾತ್ರೆ ಸದ್ದು ಮಾಡಿಕೊಂಡು ಇದ್ದೆನಲ್ಲ. ಕೈ ತೊಳೆದು ಎದ್ದು ಹೋದವನು ಬಾಗಿಲಲ್ಲಿ ನಿಂತು, “ಬಸ್ ನಿಲ್ದಾಣದವರೆಗೆ ಬಿಡ್ತೀನಿ. ಕುಂಡ ಭಾರ ಇರತ್ತೆ,” ಎಂದ. ಅವನು ನನ್ನ ಮಗ, ಅವನನ್ನು ಬಿಡಲಾರೆ. ಅವನು ಕಳೆದುಕೊಂಡವರನ್ನೆಲ್ಲ ನಾನೂ ಕಳೆದುಕೊಳ್ಳಬೇಕೆಂದು ಎಲ್ಲಿ ಬರೆದಿದೆ?

ಬಾಗಿಲು ತೆರೆಯದಿದ್ದರೆ ಹೊಸಿಲಲ್ಲಿ ಕುಂಡವಿಟ್ಟು ಬರುತ್ತೇನೆ.

ಅತ್ತೆ


ಜುಲೈ 10

ಅತ್ತೆ,

ಕ್ಷೇಮವಾಗಿ ತಲುಪಿದ್ದೀರಿ ಎಂದು ಭಾವಿಸುತ್ತೇನೆ. ಬಸ್ಸಿನಲ್ಲಿ ಸೀಟು ಸಿಕ್ಕಿತೋ ಇಲ್ಲವೋ ಬರೆಯಿರಿ.

ಮೋಟು ಇದ್ದ ಹಾಗೇ ಇದೆ. ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದೇನೆ. ಚಿಗುರುತ್ತದೋ ಕೊಳೆಯುತ್ತದೋ ಈಗಲೇ ಹೇಳಲು ಬರುವುದಿಲ್ಲ. ಪಕ್ಕದ ಕೋಣೆಯ ನರ್ಸ್ ಬಂದು, ಇಷ್ಟು ದೂರ ಬಸ್ಸಿನಲ್ಲಿ ಹೊತ್ತು ತಂದದ್ದು ಈ ಕಟ್ಟಿಗೆಯನ್ನೇ ಎಂದು ಕೇಳಿದಳು. ತಂದವರು ಯಾರು ಎಂದೂ ಕೇಳಿದಳು. ನಮ್ಮತ್ತೆ ಎಂದೆ. ಅಷ್ಟಕ್ಕೇ ಸುಮ್ಮನಾದಳು, ಅದರಲ್ಲಿ ಅವಳಿಗೆ ಏನೂ ವಿಚಿತ್ರ ಕಾಣಲಿಲ್ಲ.

ನೀವು ಬರುವ ಹಿಂದಿನ ದಿನ ನಿಮಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಕ್ಷಮೆ ಕೇಳಬೇಕಿತ್ತು, ಸ್ವಲ್ಪ ಜಗಳವೂ ಆಡಬೇಕಿತ್ತು. ನೀವೂ ಏನೇನೋ ಹೇಳಬೇಕೆಂದೇ ಬಂದಿರಿ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಟೀ ಕುಡಿದಿರಿ. ಕಾಲು ಮೇಲೆತ್ತಿ ಕೂತ್ಕೊಳ್ಳಿ ಎಂದೆ. “ಐದು ನಿಮಿಷ ಬೆನ್ನು ಚಾಚ್ಲಾ?” ಎಂದು ಕೇಳಿ ಮಂಚದ ಮೇಲೆ ಒರಗಿದವರು ಗೊರಕೆ ಹೊಡೆಯತೊಡಗಿದಿರಿ. ನಾನು ಕುರ್ಚಿಯಲ್ಲಿ ಕೂತು ನಿಮ್ಮ ಪಾದ ನೋಡಿದೆ, ಮೊದಲಿಗಿಂತ ಹೆಚ್ಚು ಊದಿವೆ. ಆಮೇಲೆ ನನಗೂ ಕೂರಲಾಗಲಿಲ್ಲ. ನಿಮ್ಮ ಪಕ್ಕದಲ್ಲಿ ಇದ್ದಷ್ಟು ಜಾಗದಲ್ಲಿ ಮಲಗಿದೆ. ಎಚ್ಚರವಾದಾಗ ನಿಮ್ಮ ಬಸ್ಸಿನ ಹೊತ್ತಾಗಿತ್ತು. ಅಷ್ಟು ದೂರದಿಂದ ಮಾತಾಡಲು ಬಂದವರು, ಮಾತಾಡಬೇಕೆಂದು ಕಾದಿದ್ದವಳು, ಇಬ್ಬರೂ ಇಡೀ ಮಧ್ಯಾಹ್ನ ನಿದ್ದೆ ಹೊಡೆದೆವು! ನೀವು ಗಾಬರಿಯಿಂದ ಚಪ್ಪಲಿ ಹುಡುಕುತ್ತಾ, “ಥೂ, ಮಾತೇ ಆಡ್ಲಿಲ್ಲವಲ್ಲೇ,” ಎಂದಿರಿ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಪೇಚಾಡಿದಿರಿ.

ಪೇಚಾಡಬೇಡಿ. ಆ ದಿನ ನಡುವೆ ಒಮ್ಮೆ ನನಗೆ ಎಚ್ಚರವಾಗಿತ್ತು. ಕೋಣೆಯಲ್ಲಿ ಸದ್ದಿಲ್ಲ. ನೀವು ಗೋಡೆಯ ಕಡೆ ತಿರುಗಿ ಮಲಗಿದ್ದಿರಿ. ಒಂದೇ ಕೋಣೆಯಲ್ಲಿ ಇನ್ನೊಬ್ಬರು ಮಾತಿಲ್ಲದೆ ಇದ್ದಾರೆ, ನನಗೆ ಹೆದರಿಕೆಯಾಗುತ್ತಿಲ್ಲ. ಎಷ್ಟು ವರ್ಷವಾಗಿತ್ತೋ ಹಾಗಿದ್ದು. ಅದನ್ನು ಸ್ವಲ್ಪ ಹೊತ್ತು ಅನುಭವಿಸಿ ಮತ್ತೆ ಕಣ್ಣು ಮುಚ್ಚಿದೆ.

ಮುಂದಿನ ಸಲ ಬರುವಾಗ ಒಂದು ದಿಂಬು ತನ್ನಿ. ಇಲ್ಲಿರುವುದು ಒಂದೇ, ಅದನ್ನೂ ನೀವೇ ಎಳೆದುಕೊಂಡಿದ್ದಿರಿ.

ನಿಮ್ಮ ಸೊಸೆ